ಮೂಕಿ ಹಾಸ್ಯಚಿತ್ರದ ಸಹನಟನನ್ನು ಅಭ್ಯಾಸ ಮಾಡುವ ಬಗೆ: ಎರಿಕ್ ಕ್ಯಾಂಪ್‌ಬೆಲ್‌ನಿಂದ ಆರಂಭ

ಕಾಸರಗೋಡಿನ ಕನ್ನಡ ಶಾಲೆಗಳಲ್ಲಾಗಲಿ ಊರಿನ ಗ್ರಂಥಾಲಯಗಳಲ್ಲಾಗಲಿ ಚಾಪ್ಲಿನ್‌ನ ಮೂಕಿ ಚಿತ್ರ ಹಾಕಿದರೆ ಎಲ್ಲರ ಕಣ್ಣೂ ಚಾಪ್ಲಿನ್‌ನ ಮೇಲೆಯೇ ಇರುತ್ತದೆ. ಅವನೆದುರು ನಿಂತು ಪೆಟ್ಟು ಕೊಡುವ, ಪೆಟ್ಟು ತಿನ್ನುವ ನಟನ ಹೆಸರನ್ನು ಯಾರೂ ಕೇಳುವುದಿಲ್ಲ. ಅಂತಹ ಒಬ್ಬ ಸಹನಟನ ವೃತ್ತಿಜೀವನವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಟಿಪ್ಪಣಿ ಮಾಡಿಕೊಂಡು, ಇತರರಿಗೂ ತೋರಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಯಕ್ಷಗಾನದಲ್ಲಿ ರಾಕ್ಷಸ ಪಾತ್ರದ ಬಣ್ಣದ ವೇಷ ರಂಗವನ್ನು ತುಂಬಿ ನಿಲ್ಲದೆ ತರುಣ ವೀರನ ಪುಂಡುವೇಷದ ಚುರುಕು ಎದ್ದು ಕಾಣದು ಎಂಬುದು ಕುಂಬಳೆ ಸೀಮೆಯ ಪ್ರೇಕ್ಷಕರಿಗೆ ಹೊಸ ಮಾತಲ್ಲ. ಅದೇ ಕಣ್ಣಿನಿಂದ ಈ ಚಿತ್ರಗಳನ್ನು ನೋಡಿದರೆ ಅರ್ಧ ಕೆಲಸ ಆದಂತೆಯೇ.

ಮೊದಲ ಅಭ್ಯಾಸಕ್ಕೆ ಎರಿಕ್ ಕ್ಯಾಂಪ್‌ಬೆಲ್‌ನನ್ನು ಆರಿಸಿಕೊಳ್ಳುವುದು ಒಳ್ಳೆಯದು. ಇಂಗ್ಲೆಂಡಿನ ಫ್ರೆಡ್ ಕಾರ್ನೊ ನಾಟಕ ಕಂಪೆನಿಯಲ್ಲಿ ಪಳಗಿದ, ಆರಡಿಗೂ ಮೀರಿದ ಎತ್ತರದ ಈ ಭಾರೀ ಮೈಕಟ್ಟಿನ ನಟ ಚಾಪ್ಲಿನ್ ಮ್ಯೂಚುಯಲ್ ಕಂಪೆನಿಗಾಗಿ ತೆಗೆದ 12 ಚಿತ್ರಗಳ ಪೈಕಿ 11ರಲ್ಲಿ ಕಾಣಿಸಿಕೊಂಡಿದ್ದಾನೆ. ಚಾಪ್ಲಿನ್ ಹೆಚ್ಚುಕಡಿಮೆ ಒಬ್ಬನೇ ನಟಿಸಿದ ‘ವನ್ ಎ.ಎಂ.’ ಮಾತ್ರ ಇದಕ್ಕೆ ಹೊರತು. 1916ರ ಮೇಯಿಂದ 1917ರ ಅಕ್ಟೋಬರ್ ವರೆಗೆ ಬಿಡುಗಡೆಯಾದ ಈ ಚಿತ್ರಗಳು ಎರಡೆರಡು ರೀಲಿನವು. ಆದ್ದರಿಂದ ಇಡೀ ವೃತ್ತಿಯ ತಿರುಳನ್ನು ಕೆಲವೇ ಸಂಜೆಗಳಲ್ಲಿ ನೋಡಿ ಮುಗಿಸಬಹುದು. 1917ರ ಡಿಸೆಂಬರಿನಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಲಾಸ್ ಏಂಜಲೀಸಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಕ್ಯಾಂಪ್‌ಬೆಲ್ ತೀರಿಕೊಂಡ.

ಪ್ರತಿಯನ್ನು ಆರಿಸುವಾಗ ಎಚ್ಚರ ಬೇಕು. ಇಂಟರ್‌ನೆಟ್ ಆರ್ಕೈವ್‌ನಂತಹ ತಾಣಗಳಲ್ಲಿ ಈ ಚಿತ್ರಗಳು ಉಚಿತವಾಗಿ ಸಿಗುತ್ತವೆ, ಆದರೆ ಅನೇಕ ಪ್ರತಿಗಳು ಓಡಬೇಕಾದುದಕ್ಕಿಂತ ವೇಗವಾಗಿ ಓಡುತ್ತವೆ. ಕ್ಯಾಮೆರಾದ ಹಿಡಿಯನ್ನು ಕೈಯಿಂದಲೇ ತಿರುಗಿಸುತ್ತಿದ್ದ ಆ ಕಾಲದಲ್ಲಿ ಸೆಕೆಂಡಿಗೆ ಇಷ್ಟೇ ಚೌಕಟ್ಟು (ಫಿಲ್ಮಿನ ಮೇಲಿನ ಒಂದೊಂದು ಬಿಡಿಚಿತ್ರ) ಎಂಬ ಕಟ್ಟುನಿಟ್ಟು ಇರಲಿಲ್ಲ, ಮುಂದೆ ಮಾತಿನ ಚಿತ್ರಗಳು 24ಕ್ಕೆ ನಿಂತವು. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿರುವುದರಿಂದ, ಸಾವಿರ ಅಡಿಯ ರೀಲು ಸೆಕೆಂಡಿಗೆ 16ರಂತೆ ಓಡಿದರೆ ಸುಮಾರು ಹದಿನೇಳು ನಿಮಿಷ, 24ರಂತೆ ಓಡಿದರೆ ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತದೆ. ಈ ವ್ಯತ್ಯಾಸದಿಂದ ಹೆಚ್ಚು ನಷ್ಟವಾಗುವುದು ಸಹನಟನಿಗೇ, ಏಕೆಂದರೆ ಪೆಟ್ಟು ಬೀಳುವ ಮುನ್ನ ಅವನು ತೆಗೆದುಕೊಳ್ಳುವ ಒಂದು ಕ್ಷಣದ ನಿಲುಗಡೆ, ಅನುಮಾನ, ಕಣ್ಣರಳಿಸುವಿಕೆ ಎಲ್ಲವೂ ಓಟದಲ್ಲಿ ಅಳಿಸಿಹೋಗುತ್ತವೆ. ಸಾಧ್ಯವಾದರೆ ಪುನರುಜ್ಜೀವನಗೊಂಡ ಪ್ರತಿಯನ್ನೇ ಹುಡುಕಿ. ಸಿಗದಿದ್ದರೆ ಪ್ಲೇಯರಿನಲ್ಲಿ ವೇಗವನ್ನು ಸ್ವಲ್ಪ ತಗ್ಗಿಸಿ, ಜನ ಸಹಜವಾಗಿ ನಡೆಯುವಂತೆ ಕಾಣುವ ಹದಕ್ಕೆ ತನ್ನಿ. ಮೊದಲ ನೋಟದಲ್ಲಿ ಧ್ವನಿಯನ್ನು ಪೂರ್ತಿ ನಿಲ್ಲಿಸಿಬಿಡಿ. ಹಿನ್ನೆಲೆಯಲ್ಲಿ ಕೇಳುವ ಸಂಗೀತ ಆಮೇಲೆ ಸೇರಿಸಿದ್ದು, ನಗಬೇಕಾದ ಜಾಗವನ್ನು ಅದು ನಮಗಿಂತ ಮೊದಲೇ ತೀರ್ಮಾನಿಸಿಬಿಡುತ್ತದೆ.

ಚಿತ್ರಗಳನ್ನು ಬಿಡುಗಡೆಯ ಕ್ರಮದಲ್ಲಿಯೇ ನೋಡಬೇಕು. 1916ರ ಮೇಯಿಂದ ಡಿಸೆಂಬರ್ ವರೆಗೆ ತಿಂಗಳಿಗೊಂದರಂತೆ ಎಂಟು ಚಿತ್ರಗಳು ಬಂದವು. 1917ರಲ್ಲಿ ಬಂದದ್ದು ನಾಲ್ಕೇ. ಚಿತ್ರೀಕರಣಕ್ಕೆ ಹೆಚ್ಚು ಸಮಯ ಸಿಕ್ಕಂತೆ ಕ್ಯಾಂಪ್‌ಬೆಲ್‌ನ ಪಾತ್ರವೂ ಬೆಳೆದಿದೆ ಎಂದು ನನಗೆ ಅನ್ನಿಸುತ್ತದೆ, ನೀವೂ ಪರೀಕ್ಷಿಸಿ ನೋಡಿ. ‘ದಿ ವ್ಯಾಗಬಾಂಡ್’ನಲ್ಲಿ ಅವನು ನಗುವಿಗೆ ಎಡೆಯೇ ಕೊಡದ ಕ್ರೂರಿ. ‘ದಿ ರಿಂಕ್’ನಲ್ಲಿ ಅದೇ ದೊಡ್ಡ ದೇಹ ಚಕ್ರದ ಬೂಟಿನ ಮೇಲೆ ತೂಗಾಡುತ್ತ, ಪರಸ್ತ್ರೀಯ ಬೆನ್ನು ಹತ್ತುವ ಗೃಹಸ್ಥನಾಗುತ್ತದೆ. ‘ಈಸಿ ಸ್ಟ್ರೀಟ್’ನಲ್ಲಿ ಬೀದಿಯನ್ನೇ ನಡುಗಿಸುವ ರೌಡಿಯಾಗಿ ತನ್ನ ಬಲ ತೋರಿಸಲು ಗ್ಯಾಸ್ ದೀಪದ ಕಂಬವನ್ನು ಬಗ್ಗಿಸುತ್ತಾನೆ, ಹಾಗೆ ಬಗ್ಗಿದ ದೀಪದೊಳಕ್ಕೇ ಚಾಪ್ಲಿನ್ ಅವನ ತಲೆಯನ್ನು ತುರುಕಿ ಗ್ಯಾಸ್ ತಿರುಗಿಸುತ್ತಾನೆ. ಕಂಬ ಬಗ್ಗುವುದನ್ನು ನಾವು ನಂಬಿದ್ದರಿಂದಲೇ ಆಮೇಲಿನ ನಗು ಹುಟ್ಟುತ್ತದೆ, ಮತ್ತು ಹಾಗೆ ನಂಬಿಸುವ ಹೊಣೆ ಪೂರ್ತಿಯಾಗಿ ಕ್ಯಾಂಪ್‌ಬೆಲ್‌ನದು.

ಟಿಪ್ಪಣಿ ಬರೆಯುವಾಗ ಕಥೆಯನ್ನು ಬರೆದುಕೊಳ್ಳುವುದು ವ್ಯರ್ಥ. ಪ್ರತಿ ಪ್ರವೇಶದಲ್ಲಿ ಅವನು ಚೌಕಟ್ಟಿನ ಯಾವ ಬದಿಯಲ್ಲಿ ನಿಲ್ಲುತ್ತಾನೆ, ಪೆಟ್ಟಿಗೆ ಮುನ್ನ ಎತ್ತ ನೋಡುತ್ತಾನೆ, ಬಿದ್ದ ಮೇಲೆ ಏಳುವುದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಎಂಬುದನ್ನು ಗುರುತಿಸಿ. ಗಡ್ಡ, ಹುಬ್ಬುಗಳನ್ನೂ ಬಿಡಬೇಡಿ: ಅಂದಿನ ಫಿಲ್ಮು ಕೆಂಪು ಬಣ್ಣವನ್ನು ಕಪ್ಪಾಗಿ ಹಿಡಿಯುತ್ತಿದ್ದುದರಿಂದ ಮುಖಕ್ಕೆ ಬಿಳಿಚಿದ ಬಣ್ಣ ಬಳಿದು, ಕಣ್ಣು ಹುಬ್ಬುಗಳನ್ನು ಕಡುಗಪ್ಪಾಗಿ ತಿದ್ದುವುದು ವಾಡಿಕೆಯಾಗಿತ್ತು.

‘ದಿ ಇಮಿಗ್ರಂಟ್’ ಚಿತ್ರದ ಹೋಟೆಲಿನ ದೃಶ್ಯವನ್ನು ಮಾತ್ರ ಎರಡು ಮೂರು ಸಲ ನೋಡಲೇಬೇಕು. ಬಿಲ್ಲಿಗೆ ಹತ್ತು ಸೆಂಟ್ ಕಡಿಮೆ ಬಿದ್ದ ಗಿರಾಕಿಯೊಬ್ಬನನ್ನು ಮಾಣಿಗಳೆಲ್ಲ ಸೇರಿ ಬಡಿಯುವುದನ್ನು ನೋಡಿದ ಚಾಪ್ಲಿನ್, ತನ್ನ ಜೇಬಿನ ನಾಣ್ಯ ತೂತಿನಿಂದ ಜಾರಿಹೋಗಿರುವುದು ತಿಳಿದ ಮೇಲೆ, ಹಿರಿಯ ಮಾಣಿಯಾದ ಕ್ಯಾಂಪ್‌ಬೆಲ್‌ನ ಕಣ್ಣಳತೆಯಲ್ಲೇ ಕುಳಿತಿರಬೇಕಾಗುತ್ತದೆ. ಈ ಮಾಣಿಯ ಪಾತ್ರವನ್ನು ಮೊದಲು ಹೆನ್ರಿ ಬರ್ಗ್‌ಮನ್ ವಹಿಸಿದ್ದ. ಚಿತ್ರೀಕರಣದ ನಡುವೆಯೇ ಚಾಪ್ಲಿನ್ ಅದನ್ನು ಕ್ಯಾಂಪ್‌ಬೆಲ್‌ಗೆ ಕೊಟ್ಟು, ಬರ್ಗ್‌ಮನ್‌ನನ್ನು ಚಿತ್ರಕಾರನ ಪಾತ್ರಕ್ಕೆ ಹಾಕಿದ. ಕೆವಿನ್ ಬ್ರೌನ್‌ಲೋ ಮತ್ತು ಡೇವಿಡ್ ಗಿಲ್ 1983ರಲ್ಲಿ ಮಾಡಿದ ಸಾಕ್ಷ್ಯಚಿತ್ರದಲ್ಲಿ, ಕೈಬಿಟ್ಟ ಆ ತುಣುಕುಗಳನ್ನೂ ನೋಡಬಹುದು. ಎದುರಾಳಿ ಬದಲಾದಾಗ ನಾಯಕನ ಭಯ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಊರಿನಲ್ಲಿ ತೋರಿಸುವುದಾದರೆ ‘ದಿ ರಿಂಕ್’, ‘ಈಸಿ ಸ್ಟ್ರೀಟ್’, ‘ದಿ ಇಮಿಗ್ರಂಟ್’ ಈ ಮೂರು ಒಂದು ಸಂಜೆಗೆ ಸಾಕು. ಬದಿಯಡ್ಕದಲ್ಲೋ ಮಂಜೇಶ್ವರದಲ್ಲೋ ಸೇರುವ ಜನರಲ್ಲಿ ಕನ್ನಡದ ಜೊತೆಗೆ ತುಳು, ಮಲಯಾಳ, ಕೊಂಕಣಿ ಮನೆಮಾತಿನವರೂ ಇರುತ್ತಾರೆ, ಮೂಕಿ ಚಿತ್ರಕ್ಕೆ ಅದೊಂದು ತೊಡಕೇ ಅಲ್ಲ. ನಡುವೆ ಬರುವ ಇಂಗ್ಲಿಷ್ ಬರಹದ ಫಲಕಗಳನ್ನು ಒಬ್ಬರು ಕನ್ನಡದಲ್ಲಿ ಗಟ್ಟಿಯಾಗಿ ಓದಿದರಾಯಿತು. ಒಂದು ಚಿತ್ರವನ್ನು ಮರುಪ್ರದರ್ಶಿಸಿ, ಈ ಸಲ ಚಾಪ್ಲಿನ್‌ನನ್ನು ಬಿಟ್ಟು ಕ್ಯಾಂಪ್‌ಬೆಲ್‌ನನ್ನೇ ನೋಡಿ ಎಂದು ಪ್ರೇಕ್ಷಕರಿಗೆ ಮೊದಲೇ ಹೇಳಿ.

ಕ್ಯಾಂಪ್‌ಬೆಲ್ ಮುಗಿದ ಬಳಿಕ ಮ್ಯಾಕ್ ಸ್ವೇನ್‌ನತ್ತ ಹೊರಳಬಹುದು. ‘ದಿ ಗೋಲ್ಡ್ ರಶ್’ನಲ್ಲಿ ಹಸಿವಿನಿಂದ ಕಂಗೆಟ್ಟು ಚಾಪ್ಲಿನ್‌ನನ್ನೇ ಕೋಳಿಯೆಂದು ಭ್ರಮಿಸುವ ದೈತ್ಯ ಅವನೇ. ಆ ಚಿತ್ರಕ್ಕೆ 1942ರಲ್ಲಿ ಚಾಪ್ಲಿನ್ ತನ್ನದೇ ಧ್ವನಿಯ ನಿರೂಪಣೆ ಸೇರಿಸಿದ ಆವೃತ್ತಿಯೂ ಇದೆ. ಸಹನಟನ ಅಭ್ಯಾಸಕ್ಕೆ 1925ರ ಮೂಕಿ ಆವೃತ್ತಿಯನ್ನೇ ಬಳಸಿ.