ಉಕ್ಕಿನ ಪಟ್ಟಿ ಬಿಟ್ಟು ಪೆಟ್ ಪಟ್ಟಿ ಹಿಡಿದ ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಡಿಸ್ಪ್ಯಾಚ್ ನೋಡಿಕೊಳ್ಳುವ ನಾನು, ಎರಕದ ಮಾಲನ್ನು ಪ್ಯಾಲೆಟ್ಟಿಗೆ, ಅಂದರೆ ಮಾಲು ಇಟ್ಟು ಸಾಗಿಸುವ ಮರದ ಚೌಕಟ್ಟಿಗೆ, ಬಿಗಿಯಲು ಉಕ್ಕಿನ ಪಟ್ಟಿ ಬೇಡ, ಪೆಟ್ (ಪಾಲಿಯೆಸ್ಟರ್ ಪ್ಲಾಸ್ಟಿಕ್) ಪಟ್ಟಿ ಸಾಕು ಎಂದಾಗ ನಮ್ಮ ಮಾಲಕರೇ "ಕಬ್ಬಿಣವನ್ನು ಪ್ಲಾಸ್ಟಿಕ್ಕಿನಿಂದ ಕಟ್ಟುತ್ತೀರಾ?" ಎಂದು ನಕ್ಕಿದ್ದರು. ಈಗ ಒಂದೂವರೆ ವರ್ಷವಾಯಿತು, ಆರಂಭದ ಎಡವಟ್ಟುಗಳನ್ನು ಬಿಟ್ಟರೆ ಒಂದು ಪ್ಯಾಲೆಟ್ಟೂ ದಾರಿಯಲ್ಲಿ ಬಿಚ್ಚಿಕೊಂಡಿಲ್ಲ.

ನಾನು ಹಠ ಹಿಡಿದದ್ದು, ಬಿಗಿದ ಉಕ್ಕಿನ ಪಟ್ಟಿಯನ್ನು ಕತ್ತರಿಸುವಾಗ ಅದರ ತುದಿ ಸಿಡಿದು ನಮ್ಮ ಹುಡುಗನೊಬ್ಬನ ಕಣ್ಣಿನ ಕೆಳಗೆ ನಾಲ್ಕು ಹೊಲಿಗೆ ಬಿದ್ದ ಮೇಲೆ. ಮಾಲಕರು ಒಪ್ಪಿದ್ದು ಮಾತ್ರ ಲೆಕ್ಕ ನೋಡಿ. ಪೆಟ್ ಕಿಲೋಗೆ ಸುಮಾರು 120 ರೂಪಾಯಿ, ಉಕ್ಕು 80. ಕಿಲೋ ದರವನ್ನಷ್ಟೇ ನೋಡಿ ಎಲ್ಲರೂ ಎಡವುವುದು ಇಲ್ಲಿಯೇ, ನೋಡಬೇಕಾದದ್ದು ಮೀಟರ್ ಲೆಕ್ಕ. 19 ಮಿ.ಮೀ. ಅಗಲ, 0.6 ಮಿ.ಮೀ. ದಪ್ಪದ ಉಕ್ಕು ಕಿಲೋಗೆ 11 ಮೀಟರ್ ಬಂದರೆ, ಅದೇ ಅಗಲದ 1 ಮಿ.ಮೀ. ದಪ್ಪದ ಪೆಟ್ 38 ಮೀಟರ್ ಬರುತ್ತದೆ. ತಿಂಗಳಿಗೆ 400 ಕಿಲೋ ಉಕ್ಕಿನ ಪಟ್ಟಿ ಬಳಸುತ್ತಿದ್ದ ನಮಗೆ ಅದರ ತುದಿ ಜೋಡಿಸುವ ಕ್ಲಿಪ್ಪೂ ಸೇರಿ 35 ಸಾವಿರ ಆಗುತ್ತಿತ್ತು. ಈಗ ಚೂಪು ಅಂಚು ಪಟ್ಟಿಯನ್ನು ಕೊಯ್ಯದಂತೆ ಕೆಳಗೆ ಇಡುವ ಮೂಲೆಪಟ್ಟಿಯ ಖರ್ಚೂ ಸೇರಿ 17–18 ಸಾವಿರ. ಪೆಟ್ ಪಟ್ಟಿಯನ್ನು ಎಳೆದು ಬಿಗಿದು ತುದಿಗಳನ್ನು ಬೆಸೆಯುವ ಬ್ಯಾಟರಿ ಟೂಲಿಗೆ ಹಾಕಿದ ಒಂದು ಲಕ್ಷ ಚಿಲ್ಲರೆ ಏಳೆಂಟು ತಿಂಗಳಲ್ಲಿ ಮರಳಿತು.

ಆರಂಭದಲ್ಲಿ ಪೆಟ್ಟು ತಿನ್ನದೆ ಇರಲಿಲ್ಲ. ಮೊದಲ ಲೋಡಿನಲ್ಲಿ ಫೆಟ್ಲಿಂಗ್ (ಎರಕದ ಒರಟು ಅಂಚುಗಳನ್ನು ಉಜ್ಜಿ ತೆಗೆಯುವುದು) ಸರಿಯಾಗದ ಚೂಪು ಅಂಚೊಂದು ಮೂರು ಪಟ್ಟಿಗಳನ್ನು ಗರಗಸದಂತೆ ಕೊಯ್ದಿತ್ತು. ಆ ಮಾಲನ್ನು ಪುಣೆಯಿಂದ ವಾಪಸು ತಂದ ಬಾಡಿಗೆ ನನ್ನ ಲೆಕ್ಕಕ್ಕೇ ಬಿತ್ತು. ಎರಡನೆಯ ಸಲ, ಪೇಂಟ್ ಓವನ್ನಿನಿಂದ ಬಂದ ಬಿಸಿ ಮಾಲನ್ನೇ ಅವಸರದಲ್ಲಿ ಕಟ್ಟಿಸಿದೆ. ಬೆಳಿಗ್ಗೆ ನೋಡಿದರೆ ಪಟ್ಟಿಯ ಕೆಳಗೆ ಕೈ ತೂರುತ್ತಿತ್ತು. ಎರಕದ ಮೇಲೆ ಉಕ್ಕಿನ ಸಣ್ಣ ಗುಂಡು ಸಿಡಿಸಿ ಶುಚಿಗೊಳಿಸುವ ಶಾಟ್ ಬ್ಲಾಸ್ಟಿನ ಧೂಳು ಪಟ್ಟಿಯ ಮೇಲಿದ್ದರೆ ಬೆಸುಗೆ ಹಿಡಿಯುವುದಿಲ್ಲವೆಂದು ತಿಳಿಯಲು ಮತ್ತೊಂದು ತಿಂಗಳು ಹಿಡಿಯಿತು. ಬೆಸುಗೆಯ ಸಮಯವನ್ನು ಮಳೆಗಾಲಕ್ಕೂ ಬೇಸಿಗೆಗೂ ಬೇರೆ ಬೇರೆ ಇಟ್ಟಿದ್ದೇನೆ; ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಅದಕ್ಕಾಗಿ ಅರ್ಧ ರೋಲ್ ಹಾಳು ಮಾಡಿದವನು ನಾನು.

ಹಸಿ ಮರದ ಪ್ಯಾಲೆಟ್ ದಾರಿಯಲ್ಲಿ ಒಣಗಿ ಕುಗ್ಗಿದಾಗ ಉಕ್ಕು ಸಡಿಲವಾಗುತ್ತದೆ, ಎಳೆದು ಕಟ್ಟಿದ ಪೆಟ್ ಮಾತ್ರ ತಾನೂ ಕುಗ್ಗಿ ಬಿಗಿ ಉಳಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಶಿನಿಂಗ್ ಆದ (ಯಂತ್ರದಲ್ಲಿ ಕಡೆದ) ಮಾಲಿನ ಮೈಮೇಲೆ ಉಕ್ಕಿನ ಪಟ್ಟಿಯಿಂದ ಬೀಳುತ್ತಿದ್ದ ತುಕ್ಕಿನ ಗೆರೆಯ ತಕರಾರೂ ನಿಂತಿತು. ನಡುವೆ ಅಗ್ಗವೆಂದು ಪಿಪಿ (ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್) ಪಟ್ಟಿಯನ್ನೂ ನೋಡಿದೆ. ಎರಡೇ ದಿನಕ್ಕೆ ಜೋತುಬಿತ್ತು, ಈಗ ರಟ್ಟಿನ ಪೆಟ್ಟಿಗೆಗಷ್ಟೇ ಬಳಸುತ್ತೇವೆ.

ಒಂದೊಂದೇ ಟನ್ ಮೀರುವ ಭಾರಿ ತುಂಡುಗಳಿಗೆ ಇಂದಿಗೂ ಉಕ್ಕನ್ನೇ ಹಾಕಿಸುತ್ತೇನೆ. ಅವಕ್ಕೆ ಬಕಲ್ ಹಾಕುವ ಕಾಂಪೋಸಿಟ್ (ಪಾಲಿಯೆಸ್ಟರ್ ನೂಲಿಗೆ ಪ್ಲಾಸ್ಟಿಕ್ ಲೇಪಿಸಿದ) ಪಟ್ಟಿಯ ಒಂದು ರೋಲ್ ತರಿಸಿದ್ದೇನೆ, ಮಾಲಕರಿಗೆ ಇನ್ನೂ ಹೇಳಿಲ್ಲ.