ಎರೆ ಮಣ್ಣಿನ ಮೇಲೆ ಜಾರುವ ಮುಚ್ಚಳ: ಈಜುಕೊಳಕ್ಕೆ ಹೊದಿಕೆ ಮಾಡಿದ ನನ್ನ ಅನುಭವ

ಈಜುಕೊಳಕ್ಕೆ ಸರಿಸುವ ಮುಚ್ಚಳ ಮಾಡಿಕೊಡುತ್ತೇನೆ ಅಂದ ಕೂಡಲೇ ಜನ ಮೊದಲು ಕೇಳುವುದು ಮೋಟರಿನ ಬಗ್ಗೆ. ಎಷ್ಟು ಎಚ್‌ಪಿ, ರಿಮೋಟ್ ಎಷ್ಟು ದೂರದಿಂದ ಹಿಡಿಯುತ್ತದೆ, ಮೊಬೈಲಿನಿಂದ ತೆಗೆಯಲು ಬರುತ್ತದೋ ಹೇಗೆ. ನೆಲ ಎಂಥದ್ದು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಕೇಳಿದವರನ್ನು ನಾನಿನ್ನೂ ನೋಡಿಲ್ಲ. ಹುಬ್ಬಳ್ಳಿ ಸುತ್ತಮುತ್ತ ಈ ಕೆಲಸ ನಿಲ್ಲುವುದು, ಕೆಡುವುದು ಎರಡೂ ಅವೆರಡರ ಮೇಲೆಯೇ.

ನನ್ನದು ಗೋಕುಲ ರಸ್ತೆಯಲ್ಲಿ ಫ್ಯಾಬ್ರಿಕೇಶನ್ ವರ್ಕ್‌ಶಾಪ್. ಜಾರುವ ಗೇಟು, ರೋಲಿಂಗ್ ಶಟರ್, ಗೋದಾಮಿನ ಶೆಡ್ಡು ನಮ್ಮ ನಿತ್ಯದ ಕೆಲಸ. ಕುಸುಗಲ್ ರಸ್ತೆಯ ಸಾವ್ಕಾರ್ರೊಬ್ಬರು ಕರೆದದ್ದೂ ಗೇಟಿನ ಸಲುವಾಗಿಯೇ. ಅವರದು ಅಮರಗೋಳ ಎಪಿಎಂಸಿಯಲ್ಲಿ ಅಡತಿ ಅಂಗಡಿ. ಗೇಟಿನ ಅಳತೆ ಮುಗಿದ ಮೇಲೆ ಹಿತ್ತಲಿಗೆ ಕರೆದೊಯ್ದು ಪೂಲ್ ತೋರಿಸಿದರು. 9 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳ. ಅಂದರೆ ಸುಮಾರು 47 ಸಾವಿರ ಲೀಟರ್ ನೀರು.

"ಬ್ಯಾಸಗಿ ಬಂತಂದ್ರ ಧೂಳ ಸೋಸೂದ ಒಂದು ಕೆಲಸ, ಟ್ಯಾಂಕರ್ ತರಸೂದ ಇನ್ನೊಂದು. ಈಗ ಮೊಮ್ಮಗ ಅಡ್ಡಾಡಾಕ ಹತ್ಯಾನ್ರಿ. ಅವ್ವಾರಿಗೆ ರಾತ್ರಿ ನಿದ್ದಿ ಹತ್ತಂಗಿಲ್ಲ" ಅಂದರು. ಮೂರನೆಯ ಮಾತೇ ನಿಜವಾದ ಕಾರಣ ಎಂದು ನನಗೆ ಆಗಲೇ ಗೊತ್ತಾಯಿತು. ಹಾಗಂತ ನೀರಿನ ಲೆಕ್ಕವೂ ಸಣ್ಣದಲ್ಲ. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾಗುತ್ತದೆ ಎಂದು ಹಿಡಿಯಿರಿ. ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್. 36 ಚದರ ಮೀಟರಿಗೆ ದಿನಕ್ಕೆ 216 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಒಂದು ತಿಂಗಳೂ ಬಾಳುವುದಿಲ್ಲ. ನೀರಿನ ಮೇಲೆ ಗಾಳಿ ಆಡುತ್ತಿದ್ದರೆ ಇನ್ನೂ ಬೇಗ.

ಮುಚ್ಚಳದಲ್ಲಿ ಹಲವು ಜಾತಿ ಇವೆ. ನೀರಿನ ಮೇಲೆ ತೇಲುವ ಗುಳ್ಳೆ ಹಾಳೆ ಎಲ್ಲಕ್ಕಿಂತ ಅಗ್ಗ, ಆವಿಯನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಮಗು ಅದರ ಮೇಲೆ ಕಾಲಿಟ್ಟರೆ ಹಾಳೆ ಸುತ್ತಿಕೊಂಡೇ ಮುಳುಗುತ್ತದೆ. ಮಗುವಿರುವ ಮನೆಗೆ ಆ ಮಾತೇ ಬೇಡ. ಪಿವಿಸಿ ಬಟ್ಟೆಗೆ ಅಡ್ಡ ಪೈಪು ಹಾಕಿ ಸುರುಳಿ ಸುತ್ತುವ ಬಗೆ ಒಂದಿದೆ, ನಮ್ಮ ಲಾರಿಯ ತಾಡಪತ್ರಿಯ ಅಣ್ಣ. ಅಮೆರಿಕದ ಎಎಸ್‌ಟಿಎಂ ಎಫ್1346 ಮಾನದಂಡದ ಪ್ರಕಾರ ಇಷ್ಟು ಅಗಲದ ಪೂಲಿನ ಸುರಕ್ಷಾ ಹೊದಿಕೆ 220 ಕೆಜಿ ತಡೆಯಬೇಕು, ಅಂದರೆ ಇಬ್ಬರು ದೊಡ್ಡವರು, ಒಂದು ಮಗು. ಮೇಲೆ ಬಿದ್ದ ಮಳೆನೀರೂ ನಿಲ್ಲದೆ ಹರಿದುಹೋಗಬೇಕು. ಗಟ್ಟಿ ಬಟ್ಟೆ ತೂಕವನ್ನೇನೋ ತಡೆದೀತು, ಮಳೆನೀರಿನದೇ ತಕರಾರು. ಜುಲೈಯಲ್ಲಿ ಜಿಟಿಜಿಟಿ ಹಿಡಿದಾಗ ಬಟ್ಟೆಯ ಮೇಲೆ ಒಂದು ಸೆಂಟಿಮೀಟರ್ ನಿಂತರೂ 360 ಲೀಟರ್ ಆಯಿತು. ಅದನ್ನು ತೆಗೆಯಲು ಮತ್ತೊಂದು ಪಂಪು, ಆ ಪಂಪು ಹಚ್ಚಲು ಮತ್ತೊಬ್ಬ ಆಳು. ತೇಲುವ ಪಟ್ಟಿಗಳ ಶಟರ್ ನೋಡಲು ಬಲು ಚೆಂದ, ಆದರೆ ಅದರ ರೋಲರಿಗೆ ಗುಂಡಿ ಬೇಕು, ಕಟ್ಟಿ ಮುಗಿದ ಪೂಲಿನ ಗೋಡೆ ಒಡೆಯಬೇಕು. ಗಾಲಿಯ ಮೇಲೆ ಹೋಗುವ ಸಪಾಟು ಅಟ್ಟಕ್ಕೆ ಪೂಲಿನಷ್ಟೇ ಉದ್ದದ ಖಾಲಿ ಜಾಗ ಬೇಕು.

ಅಲ್ಲಿ ಇದ್ದದ್ದು ಪಶ್ಚಿಮಕ್ಕೆ, ಪೂಲಿಗೂ ಕಂಪೌಂಡಿಗೂ ನಡುವೆ 3.6 ಮೀಟರ್ ಅಂಗಳ. ಹಾಗಾಗಿ ಒಂದರೊಳಗೊಂದು ಸೇರುವ ಮೂರು ಕಮಾನಿನ ತುಂಡುಗಳು ಎಂದು ನಿರ್ಧರಿಸಿದೆ. ಪ್ರತಿ ತುಂಡು 3.2 ಮೀಟರ್ ಉದ್ದ, ಒಂದರ ಮೇಲೊಂದು 15 ಸೆಂಟಿಮೀಟರ್ ಹಾಯಬೇಕು, ಎಲ್ಲ ಎಳೆದಾಗ 9.3 ಮೀಟರ್. ಒಳಗಿನದು 4.6 ಮೀಟರ್ ಅಗಲ, ನಡುವಿನದು 4.76, ಹೊರಗಿನದು 4.92. ಎತ್ತರ ನಡು ಕಮಾನಿನಲ್ಲಿ 75, 83, 91 ಸೆಂಟಿಮೀಟರ್. ಆಳೆತ್ತರ ಮಾಡಿದ್ದರೆ ಮುಚ್ಚಿದಾಗಲೂ ಈಜಬಹುದಿತ್ತು ನಿಜ, ಆದರೆ ಎತ್ತರ ಏರಿದಂತೆ ಗಾಳಿಗೆ ಎದೆಯೊಡ್ಡಿದ ಹಾಗೆ.

ದೊಡ್ಡ ತುಂಡು ಯಾವ ತುದಿಗೆ ಇರಬೇಕು ಎನ್ನುವುದು ಕಾಗದದ ಮೇಲೆ ಸಣ್ಣ ಪ್ರಶ್ನೆ. ಸಾವ್ಕಾರ್ರಿಗೆ ಮನೆಯ ಕಡೆಯಿಂದ, ಅಂದರೆ ಪೂರ್ವದಿಂದ, ದೊಡ್ಡದೇ ಕಾಣಬೇಕೆಂಬ ಆಸೆ. ನಮ್ಮಲ್ಲಿ ಮುಂಗಾರಿನ ಗಾಳಿ ಪಡುವಣದಿಂದ ಬರುತ್ತದೆ. ಪಶ್ಚಿಮದ ತುಂಡು ಮೇಲಿದ್ದರೆ ಹಾಯಿಕೆಯ ಬಾಯಿ ಪೂರ್ವಕ್ಕೆ ತಿರುಗಿರುತ್ತದೆ, ಗಾಳಿಯೂ ಮಳೆಯೂ ಅದರ ಬೆನ್ನ ಮೇಲಿಂದ ಜಾರಿಹೋಗುತ್ತವೆ. ತಿರುವು ಮುರುವು ಮಾಡಿದರೆ ಪ್ರತಿ ಜೋಡಣೆಯೂ ಗಾಳಿಗೆ ಬಾಯಿ ತೆರೆದುಕೊಂಡು ಕೂರುತ್ತದೆ. ದೊಡ್ಡದನ್ನು ಪಶ್ಚಿಮಕ್ಕೇ ಇಟ್ಟೆ.

ಗಾಳಿಯ ಲೆಕ್ಕಕ್ಕೆ ಐಎಸ್ 875 ಎಂಬ ಭಾರತೀಯ ಮಾನದಂಡದ ಮೂರನೆಯ ಭಾಗವಿದೆ. ಗಾಳಿಯ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ಸಿಗುತ್ತದೆ. ಸೆಕೆಂಡಿಗೆ 39 ಮೀಟರ್ ಎಂದು ಹಿಡಿದೆ. ಚದರ ಮೀಟರಿಗೆ 913 ನ್ಯೂಟನ್, ಅಂದರೆ ಸುಮಾರು 93 ಕೆಜಿ ಬಂತು. ಅದರ ನೂರಕ್ಕೆ 80 ಭಾಗ ಮೇಲಕ್ಕೆ ಎತ್ತುತ್ತದೆ ಎಂದುಕೊಂಡರೂ ದೊಡ್ಡ ತುಂಡನ್ನು ಎತ್ತುವ ಬಲ 1,100 ಕೆಜಿ ದಾಟುತ್ತದೆ. ಆ ತುಂಡಿನ ಸ್ವಂತ ತೂಕವೋ 110 ಕೆಜಿ ಆಸುಪಾಸು. ಬರೇ ತೂಕದ ಮೇಲೆ ಭರವಸೆ ಇಟ್ಟರೆ ಅದು ಪಕ್ಕದ ಹೊಲದಲ್ಲಿ ಸಿಗುತ್ತದೆ, ಅಷ್ಟೇ. ಅದಕ್ಕೇ ಪ್ರತಿ ತುಂಡಿಗೆ ಆರು ಕೊಕ್ಕೆ, ಹಳಿಯ ತುಟಿಯ ಕೆಳಗೆ ಹಿಡಿಯುವ ಹಾಗೆ. ಒಂದೊಂದರ ಪಾಲಿಗೆ 200 ಕೆಜಿ. ಹಳಿಯನ್ನು ಕಾಂಕ್ರೀಟಿಗೆ ಆ್ಯಂಕರ್ ಬೋಲ್ಟಿನಿಂದ ಹಿಡಿಸಿದೆ.

ಹಳಿ ಅಂದಾಗ ಇದನ್ನು ಹೇಳಲೇಬೇಕು. ಗೇಟಿನ ಕೆಲಸದಲ್ಲಿ ನಾವು ಎಲ್ ಆಕಾರದ ಕಬ್ಬಿಣದ ಆ್ಯಂಗಲ್ ಬೋರಲು ಹಾಕಿ, ಅದರ ಅಂಚಿನ ಮೇಲೆ ಓಡುವ ವಿ ಗ್ರೂವ್ ಗಾಲಿ ಕೂರಿಸಿ ಕೈ ತೊಳೆದುಕೊಳ್ಳುತ್ತೇವೆ. ಪೂಲಿನ ದಂಡೆಯಲ್ಲಿ ಬರಿಗಾಲಿನ ಜನ ಓಡಾಡುತ್ತಾರೆ, ಆ ಅಂಚು ಕಾಲು ಸೀಳುತ್ತದೆ. ತೋಡಿನಂಥ ಚಾನಲ್ ಹಾಕಿದರೆ ಧೂಳು ತುಂಬಿ ಗಾಲಿ ಕಚ್ಚುತ್ತದೆ. ಕೊನೆಗೆ 12 ಮಿಲಿಮೀಟರ್ ಎತ್ತರದ ಚಪ್ಪಟೆ ಅಲ್ಯುಮಿನಿಯಂ ಹಳಿ, ಅದರ ಮೇಲೆ ಗಟ್ಟಿ ಅಸಿಟಾಲ್ ಪ್ಲಾಸ್ಟಿಕ್ಕಿನ ಗಾಲಿ.

ಇನ್ನು ಓರೆಯಾಗಿ ಕಚ್ಚಿಕೊಳ್ಳುವ ಸಮಸ್ಯೆ. ಹಳೆಯ ಸಾಗವಾನಿ ಕಪಾಟಿನ ಅಗಲ ಡ್ರಾವರನ್ನು ಒಂದೇ ಮೂಲೆಯಿಂದ ಎಳೆದು ನೋಡಿ, ಓರೆಯಾಗಿ ನಿಂತುಬಿಡುತ್ತದೆ. ನಮ್ಮ ತುಂಡಿನದೂ ಅದೇ ಕಥೆ, ಉದ್ದಕ್ಕಿಂತ ಅಗಲವೇ ಹೆಚ್ಚು. ಎರಡೂ ಬದಿಗೆ ಗಾಲಿಯನ್ನು ಬಿಗಿಯಾಗಿ ಹಳಿಗೆ ಹಿಡಿಸಿದರೆ ಕಚ್ಚಿಕೊಳ್ಳುವುದು ಖಾತ್ರಿ. ನಾನು ಉತ್ತರದ ಬದಿಯಲ್ಲಿ ಮಾತ್ರ ದಾರಿ ತೋರಿಸುವ ಅಡ್ಡಗಾಲಿ ಕೊಟ್ಟೆ, ತುಂಡಿನ ಎರಡೂ ತುದಿಗೆ, ಎಷ್ಟು ದೂರ ಆಗುತ್ತದೋ ಅಷ್ಟು ದೂರಕ್ಕೆ. ದಕ್ಷಿಣದ ಗಾಲಿಗಳು ಹಳಿಯ ಮೇಲೆ ಸುಮ್ಮನೆ ಉರುಳುತ್ತವೆ, ಆಚೀಚೆ 10 ಮಿಲಿಮೀಟರ್ ಸರಿಯಲು ಅವಕ್ಕೆ ಬಿಡುವಿದೆ. ಬಿಸಿಲಿಗೆ ಚೌಕಟ್ಟು ಹಿಗ್ಗಿದರೂ ಗೌಂಡಿಯ ಕೈಯಲ್ಲಿ ಅಳತೆ ನಾಲ್ಕು ಮಿಲಿಮೀಟರ್ ತಪ್ಪಿದರೂ ಆ ಬಿಡುವಿನಲ್ಲಿ ಅಡಗಿಹೋಗುತ್ತದೆ.

ಈಗ ನೆಲದ ಮಾತು. ಕುಸುಗಲ್ ರಸ್ತೆಯ ಆಚೀಚೆ ಎಲ್ಲ ಎರೆ ಭೂಮಿ. ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಪೂಲಿನ ದಂಡೆಯ 60 ಸೆಂಟಿಮೀಟರ್ ಕಾಂಕ್ರೀಟ್ ಪಟ್ಟಿ ಗೋಡೆಯ ಜೊತೆಗೇ ಹಾಕಿದ್ದು, ಅದು ಅಲುಗಲ್ಲ. ಪಶ್ಚಿಮದ ಅಂಗಳವೋ ಎರೆ ಮಣ್ಣಿನ ಮೇಲೆ ನಾಲ್ಕು ಇಂಚು ಕಾಂಕ್ರೀಟು, ಮೇಲೆ ಟೈಲ್ಸು. ಒಂದು ಮೂಲೆಯ ಟೈಲ್ಸು ಆಗಲೇ ಎದ್ದು ನಿಂತಿತ್ತು. ಹಳಿಯ ಒಂದು ಪಾಲು ಪೂಲಿನ ದಂಡೆಯ ಮೇಲೆ, ಇನ್ನೊಂದು ಆ ಅಂಗಳದ ಮೇಲೆ. ಅಂಗಳ ಒಂದು ಇಂಚು ಎದ್ದರೆ ಸಾಕು, ತುಂಡು ಅಲ್ಲೇ ನಿಲ್ಲುತ್ತದೆ.

ಗೌಂಡಿ ಮಾವನನ್ನು ಕೇಳಿದೆ. "ಎರಿ ತಗದು ಎರಡು ಫೂಟ್ ಗರಸು ತುಂಬಿ ಬಡದ್ರ ಮುಗೀತಲ್ಲೋ ತಮ್ಮಾ, ಊರ ತುಂಬ ಹಂಗ ಮಾಡ್ಯಾರ" ಅಂದ. ಶೆಡ್ಡಿನ ನೆಲಕ್ಕೆ ಅಷ್ಟು ಸಾಕು. ಮಿಲಿಮೀಟರ್ ಲೆಕ್ಕದ ಹಳಿಗೆ ಸಾಲದು, ಗರಸಿನ ಕೆಳಗಿನ ಎರೆ ಮತ್ತೆ ಉಬ್ಬಿಯೇ ಉಬ್ಬುತ್ತದೆ. ಎರೆ ಮಣ್ಣಿಗೆಂದೇ ನಮ್ಮ ದೇಶದಲ್ಲಿ ಬಳಕೆಗೆ ಬಂದ ಅಂಡರ್ ರೀಮ್ಡ್ ಪೈಲ್ ಇದೆ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ (ಸಿಬಿಆರ್‌ಐ) ಬೆಳೆಸಿದ್ದು. ಭೂಮಿಯೊಳಗೆ ಕಂಬ, ಅದರ ಬುಡದಲ್ಲಿ ಗಡ್ಡೆ. ಮೇಲಿನ ಮಣ್ಣು ಎಷ್ಟೇ ಉಬ್ಬಲಿ, ಕುಗ್ಗಲಿ, ತೇವ ಹೆಚ್ಚು ಬದಲಾಗದ ಆಳದಲ್ಲಿ ಗಡ್ಡೆ ಗಟ್ಟಿಯಾಗಿ ಹಿಡಿದಿರುತ್ತದೆ. 250 ಮಿಲಿಮೀಟರ್ ಕಂಬಕ್ಕೆ ಅದರ ಎರಡೂವರೆ ಪಟ್ಟು, ಅಂದರೆ 625 ಮಿಲಿಮೀಟರಿನ ಗಡ್ಡೆ, ಮೂರೂವರೆ ಮೀಟರ್ ಆಳ. ಕೈಯಿಂದಲೇ ತಿರುವುವ ಆಗರಿನಲ್ಲಿ ನಾಲ್ಕು ಕೊರೆಸಿದೆವು. ಮಾವ ಮೊದಲು ಗೊಣಗಿದ, ಆಮೇಲೆ ಅವನೇ ಮಟ್ಟ ನೋಡುವ ಪಾತಳಿಗೊಳವಿ ಹಿಡಿದು ಯಾರನ್ನೂ ಹತ್ತಿರ ಬಿಡಲಿಲ್ಲ.

ಪೈಲಿನ ತಲೆಯ ಮೇಲೆ ಎರಡು ಕಾಂಕ್ರೀಟ್ ತೊಲೆ. ತೊಲೆ ಮಣ್ಣಿಗೆ ತಾಗಬಾರದು, ಅಡಿಯಲ್ಲಿ 80 ಮಿಲಿಮೀಟರ್ ಖಾಲಿ ಬಿಡಬೇಕು, ಇಲ್ಲದಿದ್ದರೆ ಉಬ್ಬಿದ ಮಣ್ಣು ಕೆಳಗಿನಿಂದ ತೊಲೆಯನ್ನೇ ಎತ್ತುತ್ತದೆ. ಪೂಲಿನ ದಂಡೆಗೂ ತೊಲೆಗೂ ಸಂಬಂಧವಿಲ್ಲ. ಅಲ್ಲಿ ಹಳಿಯಲ್ಲಿ 6 ಮಿಲಿಮೀಟರ್ ಸಂದು ಬಿಟ್ಟೆ. ನೇರ ಕತ್ತರಿಸಿದರೆ ಗಾಲಿ ಪ್ರತಿ ಸಲ ಸಂದಿನಲ್ಲಿ ಕುಟ್ಟುತ್ತದೆ, ಅದಕ್ಕೆ 45 ಡಿಗ್ರಿ ಓರೆಯಾಗಿ ಕತ್ತರಿಸಿದೆ. ಗಾಲಿಯ ಒಂದು ಅಂಚು ಈ ಕಡೆ ಇರುವಾಗಲೇ ಇನ್ನೊಂದು ಆ ಕಡೆ ಏರಿರುತ್ತದೆ. ಇಡೀ ಕೆಲಸದಲ್ಲಿ ಅಲ್ಯುಮಿನಿಯಂ ಬಿಟ್ಟರೆ ಹೆಚ್ಚು ಹಣ ನುಂಗಿದ್ದು ಮಣ್ಣಿನೊಳಗೆ ಹೋದ ಈ ಭಾಗ. ಸಾವ್ಕಾರ್ರು ಬಿಲ್ ನೋಡಿ "ಕಾಣದ್ದಕ್ಕ ಇಷ್ಟ ರೊಕ್ಕೇನ್ರಿ?" ಅಂದರು. ಎದ್ದು ನಿಂತ ಟೈಲ್ಸಿನ ಮೂಲೆ ತೋರಿಸಿದೆ. ಸಹಿ ಹಾಕಿದರು.

ಹೊದಿಕೆಗೆ 10 ಮಿಲಿಮೀಟರ್ ಪೊಳ್ಳು ಪಾಲಿಕಾರ್ಬೊನೇಟ್ ಶೀಟು. ಕೊಳವೆಗಳು ಕಮಾನಿನ ಉದ್ದಕ್ಕೇ ಓಡಬೇಕು, ಬಾಗುವುದೂ ಹಾಗೆಯೇ, ಒಳಗೆ ಕಟ್ಟಿದ ಹನಿ ಕೆಳಗಿಳಿಯುವುದೂ ಹಾಗೆಯೇ. ಬಿಸಿಲಿನ ಯುವಿ ಕಿರಣ ತಡೆಯುವ ಲೇಪನದ ಮೈ ಹೊರಗೆ. ಈ ಶೀಟು ಬಿಸಿಲಿಗೆ ಬಹಳ ಹಿಗ್ಗುತ್ತದೆ. 5 ಮೀಟರಿನ ಕಮಾನಿಗೆ 35 ಡಿಗ್ರಿ ವ್ಯತ್ಯಾಸದಲ್ಲಿ 11 ಮಿಲಿಮೀಟರ್. ಸ್ಕ್ರೂ ಹೊಡೆದು ಬಿಗಿದರೆ ತೂತಿನಿಂದಲೇ ಸೀಳು ಶುರು. ರಬ್ಬರ್ ಪಟ್ಟಿಯ ನಡುವೆ ಹಿಡಿಸಿ, ತುದಿಯಲ್ಲಿ ಜಾಗ ಬಿಟ್ಟೆ.

ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್) ಸ್ಕ್ರೂ ವಿಷಯದಲ್ಲಿ ಹುಡುಗರು "ಎಸ್‌ಎಸ್ ಅಂದ್ರ ಎಸ್‌ಎಸ್, 304 ಸಾಕ್ರಿ ಅಣ್ಣಾರ" ಅಂದರು. 1985ರಲ್ಲಿ ಸ್ವಿಟ್ಜರ್ಲೆಂಡಿನ ಉಸ್ಟರ್ ಊರಿನ ಒಳಾಂಗಣ ಈಜುಕೊಳದ ಕಾಂಕ್ರೀಟ್ ಛಾವಣಿ ಕುಸಿದು 12 ಜನ ಸತ್ತರು. ಛಾವಣಿಯನ್ನು ತೂಗಿಸಿದ್ದ ಸ್ಟೇನ್‌ಲೆಸ್ ಸರಳುಗಳು ಕ್ಲೋರಿನ್ನಿನ ಹವೆಗೆ ಒಳಗೊಳಗೇ ಬಿರುಕು ಬಿಟ್ಟಿದ್ದವು. ನಮ್ಮದು ತಲೆಯ ಮೇಲೆ ಬೀಳುವ ಛಾವಣಿಯಲ್ಲ, ಆದರೆ ಮುಚ್ಚಿದ ಪೂಲಿನೊಳಗಿನ ಹವೆ ಅದೇ ಜಾತಿಯದು. 304ಕ್ಕಿಂತ ಕ್ಲೋರಿನ್ ಹೆಚ್ಚು ತಡೆಯುವ 316 ದರ್ಜೆಯದ್ದನ್ನೇ ಹಾಕಿದೆ, ಅಲ್ಯುಮಿನಿಯಂಗೆ ನೇರ ತಾಗದಂತೆ ನೈಲಾನ್ ವಾಷರ್ ಕೊಟ್ಟು. ಗಾಲಿಯ ಬೇರಿಂಗ್ ಎರಡೂ ಬದಿ ಸೀಲ್ ಇದ್ದದ್ದು.

ಹವೆ ಆಡಲು ಎರಡೂ ತುದಿಯ ಗೋಡೆಯಲ್ಲಿ ತೆರೆಯುವ ರೆಕ್ಕೆ ಇಟ್ಟೆ, ಶೀಟು ಬಿಳಿ ಹಾಲುಬಣ್ಣದ್ದು. ಇಲ್ಲದಿದ್ದರೆ ಏಪ್ರಿಲ್ ಮಧ್ಯಾಹ್ನ ಒಳಗೆ ನೀರು ಕಾದು ಪಾಚಿಗೆ ಹಬ್ಬ. ಕ್ಲೋರಿನ್ ಜಾಸ್ತಿ ಹಾಕಿದ ದಿನ ಒಂದು ತುಂಡನ್ನಾದರೂ ತೆರೆದಿಡಬೇಕು. ಬಿಸಿಲು ನೇರ ಬೀಳದ ಕಾರಣ ಕ್ಲೋರಿನ್ ಖರ್ಚು ಮಾತ್ರ ಇಳಿದಿದೆ.

ಮೋಟರ್ ಹಾಕಲಿಲ್ಲ. ಸಾವ್ಕಾರ್ರು ಸುಮಾರು ದಿನ ಹಟ ಹಿಡಿದರು. ಗಾಲಿ ಸರಿ ಇದ್ದರೆ ತುಂಡನ್ನು ನೂಕಲು ನಾಲ್ಕೈದು ಕೆಜಿ ಬಲ ಸಾಕು, ಅವ್ವಾರೇ ಒಂದು ಕೈಯಲ್ಲಿ ಸರಿಸಿ ತೋರಿಸಿದರು. ನೀರಿನ ದಂಡೆಗೆ ಕರೆಂಟು ತರುವುದೂ ನನಗೆ ಸೇರದು. ಅದಕ್ಕಿಂತ ದೊಡ್ಡ ಮಾತು: ಮುಚ್ಚುವವರ ಕಣ್ಣು ನೀರಿನ ಮೇಲಿರಬೇಕು. ಒಳಗೆ ಸೋಫಾದಲ್ಲಿ ಕೂತು ಗುಂಡಿ ಒತ್ತಿ ಪೂಲ್ ಮುಚ್ಚುವ ಅನುಕೂಲವನ್ನು ಮಗುವಿರುವ ಮನೆಗೆ ನಾನು ಮಾಡಿಕೊಡಲಾರೆ.

ಒಪ್ಪಿಸುವ ದಿನ ನಮ್ಮ ಮೂವರು ಹುಡುಗರನ್ನು ದೊಡ್ಡ ತುಂಡಿನ ನಡು ಕಮಾನಿನ ಮೇಲೆ ಕೂರಿಸಿದೆ, 220 ಕೆಜಿಯ ಲೆಕ್ಕ ನೆನಪಿಟ್ಟುಕೊಂಡು. ಕಮಾನು ಸ್ವಲ್ಪ ತಗ್ಗಿತು, ಇಳಿದ ಮೇಲೆ ಮೊದಲಿನ ಮಟ್ಟಕ್ಕೆ ಬಂತು. ತುದಿಯ ಬಾಗಿಲಿಗೆ ಚಾವಿಯ ಬೀಗ, ಚಾವಿ ಅವ್ವಾರ ಸೆರಗಿನ ಗಂಟಿನಲ್ಲಿ. ಮೇ ತಿಂಗಳ ಅಡ್ಡಮಳೆಯ ಗಾಳಿಗೆ ಪಕ್ಕದ ಮನೆಯ ತಗಡು ಹಾರಿತು, ನಮ್ಮ ಕೊಕ್ಕೆಗಳು ಕಟಕಟ ಅಂದವಂತೆ, ಅಷ್ಟೇ. ಮಾರನೆಯ ದಿನ ಹೋಗಿ ಸಡಿಲವಿದ್ದ ಎರಡು ಕೊಕ್ಕೆಗೆ ರಬ್ಬರ್ ಹಚ್ಚಿ ಬಂದೆ.

ಈಗ ಉಳಿದಿರುವುದು ಸಣ್ಣಪುಟ್ಟ ನಿಗಾ. ವಾರಕ್ಕೊಮ್ಮೆ ಹಳಿ ಗುಡಿಸಬೇಕು, ಗ್ರೀಸ್ ಮಾತ್ರ ಹಚ್ಚಬಾರದು, ಹಚ್ಚಿದರೆ ಧೂಳು ಅಂಟಿ ಉಪ್ಪುಕಾಗದವಾಗುತ್ತದೆ. ಜೋಡಣೆಯ ಸಂದು ಮುಚ್ಚುವ ಬ್ರಷ್ ಸೀಲ್ ಎಲ್ಲಕ್ಕಿಂತ ಮೊದಲು ಸವೆಯುವ ವಸ್ತು. ಹೆಚ್ಚಿನ ಒಂದು ಸುರುಳಿಯನ್ನು ಅವರ ಪಂಪಿನ ಕೋಣೆಯಲ್ಲೇ ಇಟ್ಟು ಬಂದಿದ್ದೇನೆ, ಬದಲಿಸುವುದನ್ನು ಅವರ ಆಳಿಗೆ ತೋರಿಸಿಯೂ ಆಗಿದೆ.