ಡಿಕ್ಕಿಯಲ್ಲಿ ಉರುಳಾಡುವ ಕೆಂಪು ಸಿಲಿಂಡರ್‌ಗೆ ಒಂದು ಗಟ್ಟಿ ಜಾಗ

ಶಿರಾಡಿ ಘಾಟಿ ಇಳಿಯುವಾಗ ಡಿಕ್ಕಿಯಿಂದ ಟಣ್ ಟಣ್ ಅಂತ ಸದ್ದು ಬಂದರೆ ಅದು ಜಾಕ್ ಇರಬಹುದು, ಪಾನಾ ಇರಬಹುದು. ಎಷ್ಟೋ ಗಾಡಿಗಳಲ್ಲಿ ಅದು ಬೆಂಕಿ ನಂದಿಸುವ ಸಿಲಿಂಡರ್. ಆನ್‌ಲೈನ್‌ನಲ್ಲಿ ತರಿಸಿ, ಪೆಟ್ಟಿಗೆಯಿಂದ ತೆಗೆದು, ಸ್ಟೆಪ್ನಿ ಪಕ್ಕ ಮಲಗಿಸಿ ಬಿಟ್ಟಿರುತ್ತಾರೆ. ಜೊತೆಗೆ ಬಂದ ಬ್ರಾಕೆಟ್ ಮನೆಯ ಯಾವುದೋ ಡ್ರಾಯರ್‌ನಲ್ಲಿರುತ್ತದೆ.

ಇದರ ತೊಂದರೆ ಸದ್ದಷ್ಟೇ ಅಲ್ಲ. 2 ಕೆ.ಜಿ. ಪೌಡರ್ ಇರುವ ಸಿಲಿಂಡರ್ ತುಂಬಿದಾಗ ಸುಮಾರು ಮೂರೂವರೆ ಕೆ.ಜಿ. ತೂಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಏನಕ್ಕೋ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. ಆ ಕ್ಷಣಕ್ಕೆ ಸಿಲಿಂಡರ್ ತನ್ನ ಕಟ್ಟನ್ನು ಹೆಚ್ಚುಕಡಿಮೆ 60 ಕೆ.ಜಿ. ಭಾರದಷ್ಟು ಜೋರಾಗಿ ಎಳೆಯುತ್ತದೆ. ಕಟ್ಟೇ ಇಲ್ಲದಿದ್ದರೆ ಅದು ಹಿಂದಿನ ಸೀಟಿನವರ ತಲೆಯ ಕಡೆಗೆ ಹಾರುತ್ತದೆ. ಹಾಗಾಗಿ ಕೂರಿಸುವ ಕೆಲಸಕ್ಕೆ ಎರಡು ಪರೀಕ್ಷೆ. ಗುದ್ದಿದಾಗ ಸಿಲಿಂಡರ್ ಬಿಡಿಸಿಕೊಳ್ಳಬಾರದು. ಬೆಂಕಿ ಕಂಡಾಗ ಒಂದೇ ಕೈಯಲ್ಲಿ ತಟ್ಟನೆ ಬಿಡಿಸಲು ಬರಬೇಕು. ಇವೆರಡೂ ಒಂದಕ್ಕೊಂದು ವಿರುದ್ಧ. ಕೆಲಸದ ಕಷ್ಟ ಇರುವುದೇ ಇಲ್ಲಿ.

ಮೊದಲು ಸಾಮಾನು

ಕಾರಿಗೆ ಎಬಿಸಿ ಡ್ರೈ ಪೌಡರ್ ಸಾಕು. ಸೀಟಿನ ಬಟ್ಟೆ, ಪೆಟ್ರೋಲ್, ಗ್ಯಾಸ್ ಮೂರಕ್ಕೂ ಕೆಲಸ ಮಾಡುತ್ತದೆ, ವೈರಿಂಗ್ ಬೆಂಕಿಗೂ ಹೊಡೆಯಬಹುದು. ಸಿಲಿಂಡರ್ ಮೇಲೆ ಐಎಸ್‌ಐ ಮುದ್ರೆ ಮತ್ತು ಐಎಸ್ 15683 ಅಂತ ಇದೆಯಾ ನೋಡಿ. ಒತ್ತಡ ತೋರಿಸುವ ಮೀಟರ್ ಇರಲೇಬೇಕು. ಹ್ಯಾಚ್‌ಬ್ಯಾಕ್‌ಗೆ 1 ಕೆ.ಜಿ., ಇನ್ನೋವಾ, ಬೊಲೆರೊ ತರಹದ ಗಾಡಿಗೆ 2 ಕೆ.ಜಿ. ತೆಗೆದುಕೊಳ್ಳಿ. 1 ಕೆ.ಜಿ.ಯದು ಎಂಟು ಹತ್ತು ಸೆಕೆಂಡಿನಲ್ಲಿ ಖಾಲಿಯಾಗುತ್ತದೆ ಅನ್ನುವುದು ನೆನಪಿರಲಿ.

ಬ್ರಾಕೆಟ್ ವಿಷಯಕ್ಕೆ ಬಂದರೆ, ಸಿಲಿಂಡರ್ ಜೊತೆ ಸುಮ್ನೆ ಕೊಡುವ ಕೊಕ್ಕೆ ಅಥವಾ ಪ್ಲಾಸ್ಟಿಕ್ ಕ್ಲಿಪ್ ಗೋಡೆಗೆ ಮಾಡಿದ್ದು. ಗೋಡೆ ಓಡಾಡುವುದಿಲ್ಲ. ಗಾಡಿಗೆ ಬೇಕಾದದ್ದು ವೆಹಿಕಲ್ ಬ್ರಾಕೆಟ್. ಅದರಲ್ಲಿ ಕಬ್ಬಿಣದ ಬೆನ್ನುಪಟ್ಟಿ ಇರುತ್ತದೆ, ಅಡಿಗೆ ತಳ ಊರಲು ತಟ್ಟೆ ಇರುತ್ತದೆ, ಎಳೆದು ಮಡಚುವ ಲಾಕ್ ಇರುವ ಎರಡು ಲೋಹದ ಪಟ್ಟಿಗಳಿರುತ್ತವೆ. ಒಂದೇ ಪಟ್ಟಿಯದು 1 ಕೆ.ಜಿ. ಸಿಲಿಂಡರ್‌ಗೆ ನಡೆಯುತ್ತದೆ. 2 ಕೆ.ಜಿ.ಗೆ ಎರಡು ಇರಲಿ. ಬೆಂಗಳೂರಿನವರು ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು. ಬೇರೆ ಊರಿನವರು ಬಸ್, ಲಾರಿ ಬಿಡಿಭಾಗದ ಅಂಗಡಿಯಲ್ಲಿ ಕೇಳಿ. ಹೋಗುವಾಗ ಸಿಲಿಂಡರ್ ಜೊತೆಗೇ ಇರಲಿ. ಸುತ್ತಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಲಾಕ್ ಕೂರುವುದಿಲ್ಲ, ಅಥವಾ ಕೂತರೂ ಸಡಿಲ.

ವೆಲ್ಕ್ರೋ ಪಟ್ಟಿ, ಲಗೇಜ್ ಕಟ್ಟುವ ರಬ್ಬರ್ ಹಗ್ಗ, ಕೇಬಲ್ ಟೈ ಇವುಗಳನ್ನು ಮರೆತುಬಿಡಿ. ಮೊದಲೆರಡು ಗುದ್ದಿದಾಗ ಹಿಡಿಯುವುದಿಲ್ಲ. ಮೂರನೆಯದು ಬೆಂಕಿ ಬಿದ್ದಾಗ ಬಿಡುವುದಿಲ್ಲ.

ಎಲ್ಲಿ ಕೂರಿಸುವುದು

ನಿಜ ಹೇಳಬೇಕೆಂದರೆ ಸಣ್ಣ ಕಾರಿನಲ್ಲಿ ಡಿಕ್ಕಿ ಒಳ್ಳೆಯ ಜಾಗವೇ ಅಲ್ಲ. ಹಿಂದಿನಿಂದ ಯಾರಾದರೂ ಗುದ್ದಿದರೆ ಬಾಗಿಲು ಜಾಮ್ ಆಗಬಹುದು. ಕರೆಂಟಿನ ಲಾಕ್ ಇದ್ದರೆ ಬ್ಯಾಟರಿ ಕೈಕೊಟ್ಟಾಗ ತೆರೆಯದೇ ಹೋಗಬಹುದು. ಮುಂದಿನ ಸೀಟಿನ ಬಳಿ ಭದ್ರವಾಗಿ ಕೂರಿಸಲು ಜಾಗ ಇದ್ದರೆ ಅಲ್ಲೇ ಇಡಿ. ಆದರೆ 2 ಕೆ.ಜಿ. ಸಿಲಿಂಡರ್‌ಗೆ ಅಲ್ಲಿ ಜಾಗ ಸಿಗುವುದು ಅಪರೂಪ. ಏಳು ಸೀಟಿನ ಗಾಡಿ, ವ್ಯಾನ್, ಸಾಮಾನು ಸಾಗಿಸುವ ಗಾಡಿಗಳಲ್ಲಿ ಹಿಂದಿನ ಭಾಗವೇ ಗತಿ.

ಹಿಂದೆಯೇ ಅಂದಮೇಲೆ ಬಾಗಿಲ ಅಂಚಿಗೆ ಹತ್ತಿರ, ಪಕ್ಕದ ಗೋಡೆಯ ಮೇಲಿರಲಿ. ಬಾಗಿಲು ಎತ್ತಿದ ಕೂಡಲೇ ಕೈ ಹಾಕಿದರೆ ಸಿಗಬೇಕು. ನಾಲ್ಕು ಸೂಟ್‌ಕೇಸ್ ಇಳಿಸಿದ ಮೇಲೆ ಸಿಗುವಂತಿದ್ದರೆ ಏನು ಉಪಯೋಗ? ಹಿಂದಿನ ಸೀಟು ಮಡಚಿ ಒಳಗಿನಿಂದಲೂ ಕೈ ಎಟಕುವ ಜಾಗವಾದರೆ ಇನ್ನೂ ಒಳ್ಳೆಯದು. ನೆಲದಲ್ಲಿ ಸ್ಟೆಪ್ನಿ ಮುಚ್ಚಳದ ಕೆಳಗೆ ಇಡುವುದು ಬೇಡವೇ ಬೇಡ.

ಸಾಧ್ಯವಾದರೆ ನೆಟ್ಟಗೆ ನಿಲ್ಲಿಸಿ. ಮಲಗಿಸಲೇಬೇಕಾದರೆ ಗಾಡಿಗೆ ಅಡ್ಡವಾಗಿ ಮಲಗಿಸಿ. ಗಾಡಿ ಓಡುವ ದಿಕ್ಕಿಗೆ ಉದ್ದಕ್ಕೆ ಮಲಗಿಸಿದರೆ ಗುದ್ದಿದಾಗ ಸಿಲಿಂಡರ್ ಪಟ್ಟಿಗಳ ನಡುವಿನಿಂದ ಮುಂದಕ್ಕೆ ಜಾರಿ ಹೊರಬರಬಹುದು. ಮೀಟರ್ ನಿಮ್ಮ ಕಡೆಗೆ ಮುಖ ಮಾಡಿರಲಿ. ಪಿನ್‌ಗೆ ಲಗೇಜ್ ತಾಗುವಂತಿರಬಾರದು.

ಈಗ ಗೋಡೆಯ ಹಿಂದೆ ಏನಿದೆ ನೋಡಬೇಕು. ಇದು ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಹಂತ. ಪ್ಲಾಸ್ಟಿಕ್ ಪ್ಯಾನೆಲ್ ಕ್ಲಿಪ್‌ಗಳನ್ನು ಪ್ಲಾಸ್ಟಿಕ್ ಸನ್ನೆಯಿಂದಲೇ ಎಬ್ಬಿಸಿ, ಸ್ಕ್ರೂಡ್ರೈವರ್ ಹಾಕಿದರೆ ಮುರಿಯುತ್ತವೆ. ಒಳಗೆ ಹಿಂದಿನ ದೀಪದ ವೈರ್ ಕಟ್ಟು ಇರುತ್ತದೆ. ಪೆಟ್ರೋಲ್ ಮುಚ್ಚಳ ಇರುವ ಬದಿಯಲ್ಲಿ ಟ್ಯಾಂಕಿಗೆ ಇಳಿಯುವ ಪೈಪ್ ಇರುತ್ತದೆ, ಆದ್ದರಿಂದ ಅದರ ಎದುರು ಬದಿಯೇ ಲೇಸು. ಕೆಲವು ಗಾಡಿಗಳಲ್ಲಿ ಹಿಂದಿನ ಎಸಿಯ ಕೊಳವೆಗಳೂ ಇಲ್ಲೇ ಹಾದು ಹೋಗುತ್ತವೆ. ಏರ್‌ಬ್ಯಾಗ್ ಅಂತ ಬರೆದಿರುವ ಕಂಬದ ಹತ್ತಿರ ಡ್ರಿಲ್ ತರಲೇಬೇಡಿ. ನೆಲಕ್ಕೆ ಕೊರೆಯುವ ಯೋಚನೆ ಇದ್ದರೆ ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡಿ. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್, ಸೈಲೆನ್ಸರ್ ಎಲ್ಲಾ ಅಲ್ಲೇ ಇರುತ್ತವೆ. ಎಲೆಕ್ಟ್ರಿಕ್ ಗಾಡಿಯಾದರೆ ನೆಲದ ಕಡೆ ತಲೆ ಹಾಕಬೇಡಿ, ಕೆಳಗೆ ಬ್ಯಾಟರಿ ಇರುತ್ತದೆ. ಸಿಎನ್‌ಜಿ ಗಾಡಿಯ ಡಿಕ್ಕಿಯಲ್ಲಿರುವ ಗ್ಯಾಸ್ ಸಿಲಿಂಡರ್‌ನ ಸ್ಟ್ಯಾಂಡಿಗೆ ಇದನ್ನು ಬಿಗಿಯುವ ಬುದ್ಧಿವಂತಿಕೆಯೂ ಬೇಡ.

ಬಿಗಿಯುವುದು

ಗಾಡಿಯ ಒಳ ತಗಡು ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅದಕ್ಕೆ ಮರದ ಸ್ಕ್ರೂ ಅಥವಾ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ತಿರುಗಿಸಿದರೆ ಹಿಡಿಯುವುದು ಒಂದು ಸುತ್ತು ಮರೆ (ಥ್ರೆಡ್) ಮಾತ್ರ. ಮೊದಲ ದಿನ ಗಟ್ಟಿಯಾಗೇ ಇರುತ್ತದೆ. ಹಂಪ್ ಹಾರಿ ಹಾರಿ ತೂತು ದೊಡ್ಡದಾಗಿ ಒಂದು ದಿನ ಸ್ಕ್ರೂ ಕೈಗೇ ಬರುತ್ತದೆ. ಪ್ಲಾಸ್ಟಿಕ್ ಪ್ಯಾನೆಲ್‌ಗಷ್ಟೇ ಬಿಗಿದರಂತೂ ಗುದ್ದಿದಾಗ ಪ್ಯಾನೆಲ್ ಸಮೇತ ಹಾರುತ್ತದೆ.

ತಗಡಿನ ಹಿಂಬದಿಗೆ ಕೈ ಹೋಗುತ್ತದೆ ಅಂದರೆ ಅದೇ ಉತ್ತಮ ದಾರಿ. 6 ಮಿ.ಮೀ. ಬೋಲ್ಟ್ ಆರಪಾರ ಹಾಕಿ. ಹಿಂದೆ 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ ಕೊಟ್ಟು, ನೈಲಾನ್ ಉಂಗುರ ಇರುವ ಲಾಕ್ ನಟ್ ಬಿಗಿಯಿರಿ. ಪಟ್ಟಿ ಇಲ್ಲದಿದ್ದರೆ ಕನಿಷ್ಠ 25 ಮಿ.ಮೀ. ಅಗಲದ ವಾಷರ್. ಸಣ್ಣ ವಾಷರ್ ಹಾಕಿದರೆ ಜೋರು ಎಳೆತಕ್ಕೆ ತೆಳು ತಗಡನ್ನು ಹರಿದುಕೊಂಡೇ ಈಚೆ ಬರುತ್ತದೆ.

ಕೈ ಹೋಗದ ಜಾಗಕ್ಕೆ ರಿವೆಟ್ ನಟ್ ಬೇಕು. ಇದು ತಗಡಿನ ತೂತಿನೊಳಗೆ ಕೂತು ಹಿಂದೆ ಉಬ್ಬಿಕೊಂಡು, ಬೋಲ್ಟ್‌ಗೆ ಮರೆ ಒದಗಿಸುವ ಪುಟ್ಟ ಕೊಳವೆ. 6 ಮಿ.ಮೀ. ಬೋಲ್ಟಿನದಕ್ಕೆ ಸಾಮಾನ್ಯವಾಗಿ 9 ಮಿ.ಮೀ. ತೂತು ಬೇಕು, ಪ್ಯಾಕೆಟ್ ಮೇಲಿನ ಅಳತೆಯನ್ನೇ ನಂಬಿ. ಬ್ರಾಕೆಟ್ ಹಿಡಿದು ಗುರುತು ಹಾಕಿ, ಪಂಚ್‌ನಿಂದ ಚುಕ್ಕೆ ಹೊಡೆಯಿರಿ, ಇಲ್ಲದಿದ್ದರೆ ಡ್ರಿಲ್ ಬಿಟ್ ಪೇಂಟ್ ಮೇಲೆ ಜಾರುತ್ತದೆ. ಮೊದಲು 3 ಮಿ.ಮೀ. ಬಿಟ್, ಆಮೇಲೆ ದೊಡ್ಡದು. ಬಿಟ್‌ಗೆ ಟೇಪ್ ಸುತ್ತಿ ಎಷ್ಟು ಒಳಹೋಗಬೇಕೋ ಅಷ್ಟಕ್ಕೇ ನಿಲ್ಲುವಂತೆ ಮಾಡಿ. ತೂತು ದೊಡ್ಡದಾದರೆ ರಿವೆಟ್ ನಟ್ ಸುತ್ತಲೂ ತಿರುಗುತ್ತದೆ, ಆಗ ಅದನ್ನು ಬಿಗಿಯಲೂ ಆಗದು, ತೆಗೆಯಲೂ ಆಗದು. ತೂತಿನ ಅಂಚನ್ನು ಅರದಿಂದ ನಯ ಮಾಡಿ, ಝಿಂಕ್ ಪ್ರೈಮರ್ ಹಚ್ಚಿ ಒಣಗಲು ಬಿಡಿ. ಮಂಗಳೂರು, ಉಡುಪಿ, ಕಾರವಾರದವರಿಗೆ ಈ ಪ್ರೈಮರ್ ಮಾತು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಒಂದು ಮಳೆಗಾಲ ಸಾಕು ತುಕ್ಕು ಹಿಡಿಯಲು. ರಿವೆಟ್ ನಟ್ ಕೂರಿಸುವ ಉಪಕರಣ ನಿಮ್ಮಲ್ಲಿ ಇಲ್ಲದಿದ್ದರೆ ಬಾಡಿ ಕೆಲಸದ ಗ್ಯಾರೇಜ್‌ಗೆ ಹೋಗಿ. ಕೊರೆದಾಗ ಬಿದ್ದ ಕಬ್ಬಿಣದ ಚೂರುಗಳನ್ನೆಲ್ಲ ಹೆಕ್ಕಿ ತೆಗೆದು ಮುಗಿಸಿ.

ಬ್ರಾಕೆಟ್‌ನ ಎಲ್ಲಾ ತೂತುಗಳಿಗೂ ಬೋಲ್ಟ್ ಹಾಕಿ. ಮೂರು ಇದ್ದರೆ ಮೂರೂ. ಮರೆಗೆ ನೀಲಿ ಬಣ್ಣದ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಕೆಂಪು ಬೇಡ, ಅದನ್ನು ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ರಿವೆಟ್ ನಟ್‌ಗೆ ಬಿಗಿಯುವಾಗ ಸಣ್ಣ ಸ್ಪ್ಯಾನರ್ ಬಳಸಿ. ಉದ್ದನೆಯ ಹಿಡಿಯಲ್ಲಿ ಬಲ ಹಾಕಿದರೆ ನಟ್ಟೇ ತಿರುಗಿಬಿಡುತ್ತದೆ.

ಕೊರೆಯಲು ಮನಸ್ಸಿಲ್ಲದಿದ್ದರೆ

ಗಾಡಿ ಹೊಸದು, ವಾರಂಟಿ ಇದೆ ಅನ್ನುವವರಿಗೂ ದಾರಿ ಇದೆ. ಹಲವು ಗಾಡಿಗಳ ಡಿಕ್ಕಿಯಲ್ಲಿ ಲಗೇಜ್ ಕಟ್ಟಲು ಲೋಹದ ಕೊಂಡಿಗಳಿರುತ್ತವೆ. ಅವು ತಗಡಿಗೆ ಬೋಲ್ಟ್ ಆಗಿದ್ದರೆ ಅದೇ ಮರೆಯ, ಸ್ವಲ್ಪ ಉದ್ದದ ಬೋಲ್ಟ್ ತಂದು, ಕೊಂಡಿಯ ಜೊತೆಗೇ ಒಂದು ಕಬ್ಬಿಣದ ಪಟ್ಟಿ ಬಿಗಿದು, ಪಟ್ಟಿಗೆ ಬ್ರಾಕೆಟ್ ಜೋಡಿಸಬಹುದು. ಎರಡು ಕೊಂಡಿಗಳ ನಡುವೆ 18 ಮಿ.ಮೀ. ಪ್ಲೈವುಡ್ ಹಲಗೆ ಬಿಗಿದು ಅದರ ಮೇಲೆ ಬ್ರಾಕೆಟ್ ಕೂರಿಸುವವರೂ ಇದ್ದಾರೆ. ಹಲಗೆಗೂ ಸ್ಕ್ರೂ ಬೇಡ, ಆರಪಾರ ಬೋಲ್ಟೇ ಹಾಕಿ.

ಒಂದನ್ನು ಮಾತ್ರ ಮುಟ್ಟಬೇಡಿ. ಸೀಟ್‌ಬೆಲ್ಟ್ ಹಿಡಿದಿರುವ ಬೋಲ್ಟ್. ದಪ್ಪಗೆ, ಗಟ್ಟಿಯಾಗಿ, ಕೈಗೆ ಸಿಗುವಂತೆ ಇರುವುದರಿಂದ ಎಲ್ಲರ ಕಣ್ಣೂ ಮೊದಲು ಅದರ ಮೇಲೇ ಬೀಳುತ್ತದೆ. ಅದರ ಕೆಳಗೆ ಪಟ್ಟಿ ತುರುಕಿದರೆ ಬೋಲ್ಟ್ ಒಳಗೆ ಹಿಡಿಯುವ ಮರೆ ಕಡಿಮೆಯಾಗುತ್ತದೆ. ಮನುಷ್ಯರನ್ನು ಹಿಡಿಯುವ ಬೋಲ್ಟ್ ಅದು, ಸಿಲಿಂಡರ್‌ಗಾಗಿ ಅದನ್ನು ದುರ್ಬಲ ಮಾಡುವುದು ಸರಿಯಲ್ಲ.

ಕೂರಿಸಿದ ಮೇಲೆ

ಲಾಕ್ ಹಾಕಿ, ಸಿಲಿಂಡರ್‌ನ ಕುತ್ತಿಗೆ ಹಿಡಿದು ನಾಲ್ಕೂ ದಿಕ್ಕಿಗೆ ಜೋರಾಗಿ ಎಳೆಯಿರಿ. ಗಾಡಿಯೇ ಅಲ್ಲಾಡಬೇಕು, ಬ್ರಾಕೆಟ್ ಅಲ್ಲಾಡಬಾರದು. ಕಬ್ಬಿಣ ಕಬ್ಬಿಣಕ್ಕೆ ಉಜ್ಜುವಲ್ಲಿ ಹಳೆಯ ಟ್ಯೂಬಿನ ತುಂಡು ಕೊಡಿ, ಸದ್ದೂ ನಿಲ್ಲುತ್ತದೆ, ಪೇಂಟೂ ಉಳಿಯುತ್ತದೆ. ಆಮೇಲೆ ಕಣ್ಣು ಮುಚ್ಚಿ ಒಂದು ಕೈಯಲ್ಲಿ ಬಿಡಿಸಿ ನೋಡಿ. ಹೊಗೆಯಲ್ಲಿ, ಕತ್ತಲಲ್ಲಿ ಪರಿಸ್ಥಿತಿ ಹೀಗೇ ಇರುತ್ತದೆ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರ ಕೈಲೂ ಬಿಡಿಸಿಸಿ. ಲಾಕ್ ತೆಗೆಯಲು ಅಮ್ಮನಿಗೆ ಕಷ್ಟವಾದರೆ ಪಟ್ಟಿಯ ಬಿಗಿ ಹೊಂದಿಸುವ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ. ಒಂದು ವಾರ ಓಡಿಸಿದ ಮೇಲೆ ಬೋಲ್ಟ್‌ಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ.

ತಿಂಗಳಿಗೊಮ್ಮೆ ಮೀಟರ್ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಆಯುಧ ಪೂಜೆಗೆ ಗಾಡಿ ತೊಳೆದು, ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಡುವ ನಾವು ಆ ದಿನವಾದರೂ ಡಿಕ್ಕಿ ತೆರೆದು ನೋಡಬಹುದು! ಓಡಾಟದ ಅದುರಿಗೆ ಪೌಡರ್ ತಳದಲ್ಲಿ ಗಟ್ಟಿ ಕೂರುತ್ತದೆ. ಹಾಗಾಗಿ ನೋಡುವಾಗಲೇ ಸಿಲಿಂಡರ್ ಹೊರತೆಗೆದು ತಲೆಕೆಳಗು ಮಾಡಿ ಅಲ್ಲಾಡಿಸಿ ವಾಪಸ್ ಇಡಿ. ರಾಯಚೂರು, ಕಲಬುರಗಿ ಬಿಸಿಲಲ್ಲಿ ನಿಲ್ಲುವ ಗಾಡಿಯಾದರೆ ಲೇಬಲ್ ಮೇಲಿರುವ ಉಷ್ಣತೆಯ ಮಿತಿ ಓದಿ, ನೆರಳಲ್ಲಿ ನಿಲ್ಲಿಸಿ.

ಬಳಸುವ ಹೊತ್ತು ಬಂದರೆ ಮೊದಲು ಎಲ್ಲರೂ ಇಳಿಯಿರಿ, 112ಕ್ಕೆ ಕರೆ ಮಾಡಿ. ಬಾನೆಟ್‌ನಿಂದ ಹೊಗೆ ಬರುತ್ತಿದ್ದರೆ ಅದನ್ನು ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಬೆಂಕಿ ಭಗ್ಗೆನ್ನುತ್ತದೆ. ಸಂದಿಯಿಂದಲೇ ಪೌಡರ್ ಹೊಡೆಯಿರಿ. ಬೆಂಕಿ ಗಾಡಿಯೊಳಗೆ ಹಬ್ಬಿದ್ದರೆ, ಅಥವಾ ಡಿಕ್ಕಿಯ ಹತ್ತಿರವೇ ಇದ್ದರೆ ಸಿಲಿಂಡರ್ ತರಲು ಹೋಗಬೇಡಿ, ದೂರ ಸರಿಯಿರಿ. ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ ಬೆಂಕಿ ಈ ಪೌಡರ್‌ಗೆ ಬಗ್ಗುವುದಿಲ್ಲ.

ಒಂದೇ ಸೆಕೆಂಡ್ ಹೊಡೆದು ಬೆಂಕಿ ಆರಿತು ಅಂದುಕೊಳ್ಳಿ. ಮುಳ್ಳು ಇನ್ನೂ ಹಸಿರಿನಲ್ಲೇ ಇದೆ ಅಂತ ಸಿಲಿಂಡರನ್ನು ಬ್ರಾಕೆಟ್‌ಗೆ ವಾಪಸ್ ಇಡಬೇಡಿ. ವಾಲ್ವ್‌ನ ಬಾಯಲ್ಲಿ ಪೌಡರ್ ಸಿಕ್ಕಿಕೊಂಡಿರುತ್ತದೆ, ಅಲ್ಲಿಂದ ಒತ್ತಡ ನಿಧಾನವಾಗಿ ಸೋರಿಹೋಗುತ್ತದೆ. ಸ್ವಲ್ಪವೇ ಬಳಸಿದ್ದರೂ ರೀಫಿಲ್‌ಗೆ ಕೊಡಿ, ಅದು ಬರುವವರೆಗೆ ಅದೇ ಅಳತೆಯ ಇನ್ನೊಂದನ್ನು ಬ್ರಾಕೆಟ್‌ನಲ್ಲಿ ಇಟ್ಟುಕೊಳ್ಳಿ.